85 ಗ್ರಾಂ ಮರ

ಟೇಬಲ್ ಟೆನಿಸ್ಸಿನ ಮೂರನೇ ಗೇಮನ್ನೂ ನಾನು 11-4ರಲ್ಲಿ ಸೋತ ಮೇಲೆ ರಾಯರು ಟೇಬಲ್ ಸುತ್ತಿಕೊಂಡು ಬಂದು ನನ್ನ ಬ್ಯಾಟು ಕೇಳಿದರು. ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. ಕನ್ನಡಕ ಮೇಲೆತ್ತಿ ಹಿಡಿಯ ಮೇಲಿದ್ದ ಹೆಸರು ಓದಿದರು. "ಎಷ್ಟು ಕೊಟ್ರಿ ಇದಕ್ಕೆ?" ಅಂದರು. ನಾಚಿಕೆಯಾಗಿ ಒಂದೆರಡು ಸಾವಿರ ಕಡಿಮೆ ಮಾಡಿಯೇ ಹೇಳಿದೆ. "ಅಲ್ರೀ, ಅಷ್ಟು ದುಡ್ಡಲ್ಲಿ ನಾನು ಹತ್ತು ವರ್ಷ ಆಡಿದೀನಿ," ಎಂದು ನಕ್ಕು ಬ್ಯಾಟು ವಾಪಸ್ ಕೊಟ್ಟರು.

ರಾಯರಿಗೆ ಎಪ್ಪತ್ತು ದಾಟಿದೆ. ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಎಡ ಮಂಡಿ ನೋವು, ಹಾಗಾಗಿ ಅವರು ಜಾಸ್ತಿ ಓಡಾಡುವುದಿಲ್ಲ, ನಮ್ಮನ್ನು ಓಡಾಡಿಸುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಜಿಮ್ ಪಕ್ಕದ ಕೋಣೆಯಲ್ಲಿ ಒಂದು ಟಿಟಿ ಟೇಬಲ್ ಇದೆ. ಸಂಜೆ ಏಳಾದ ಮೇಲೆ ಅದು ಅವರದ್ದೇ ಊರು. ಅವರ ಬ್ಯಾಟಿನ ಹಿಡಿ ಬೆವರು ಕುಡಿದು ಕುಡಿದು ಹುಣಸೆಹಣ್ಣಿನ ಬಣ್ಣಕ್ಕೆ ಬಂದಿದೆ. ಕಂಪನಿಯ ಹೆಸರು ಅಳಿಸಿಹೋಗಿದೆ. ಅಂಚಿಗೆ ಎಲೆಕ್ಟ್ರಿಷಿಯನ್ ಸುತ್ತುವ ಕಪ್ಪು ಟೇಪು. ಅದರಲ್ಲಿ ಅವರು ಚೆಂಡನ್ನು ತಮಗೆ ಬೇಕಾದ ಕಡೆ ಇಡುತ್ತಾರೆ. ಹೊಡೆಯುತ್ತಾರೆ ಅಂತ ಹೇಳಲಾರೆ, ಇಡುತ್ತಾರೆ.

ನಾನು ಆಟ ಕಲಿತದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಹಾಸ್ಟೆಲಿನಲ್ಲಿ. ಆಗ ನಮಗೆ ಬ್ಯಾಟು ಅಂದರೆ ಬ್ಯಾಟು, ಅಷ್ಟೇ. ಮರದ ಹಲಗೆ ಬೇರೆ, ರಬ್ಬರ್ ಬೇರೆ, ಎರಡನ್ನೂ ಬೇರೆ ಬೇರೆ ಕೊಂಡು ಅಂಟಿಸಬಹುದು ಎಂಬುದೇ ಗೊತ್ತಿರಲಿಲ್ಲ. ಹಾಸ್ಟೆಲಿನ ಐದು ಬ್ಯಾಟುಗಳಲ್ಲಿ ಎರಡಕ್ಕೆ ರಬ್ಬರ್ ಕಿತ್ತುಹೋಗಿತ್ತು. ಒಂದಂತೂ ಯಾರೋ ಸೀನಿಯರ್ ಪ್ಲೈವುಡ್ಡಿನಲ್ಲಿ ಕೊಯ್ದು ಮಾಡಿದ್ದು. ಆಮೇಲೆ ಕೆಲಸ, ಮದುವೆ, ಸಾಲ. 2000ದಲ್ಲಿ ಚೆಂಡು 38 ಮಿಲಿಮೀಟರಿನಿಂದ 40ಕ್ಕೆ ದಪ್ಪವಾಯಿತಂತೆ. 2001ರಲ್ಲಿ 21 ಪಾಯಿಂಟಿನ ಗೇಮು 11ಕ್ಕೆ ಇಳಿಯಿತಂತೆ. 2014ರಲ್ಲಿ ಸೆಲ್ಯುಲಾಯ್ಡ್ ಹೋಗಿ ಪ್ಲಾಸ್ಟಿಕ್ ಚೆಂಡು ಬಂತಂತೆ. ಇಷ್ಟೆಲ್ಲ ಆಗುವಾಗ ನಾನು ಆಫೀಸಿನಲ್ಲಿದ್ದೆ.

ವಾಪಸ್ ಬಂದದ್ದು 2024ರ ಆಗಸ್ಟಿನಲ್ಲಿ. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನಮ್ಮ ಮಹಿಳಾ ತಂಡ ರೊಮೇನಿಯಾವನ್ನು ಸೋಲಿಸಿ ಕ್ವಾರ್ಟರ್ ಫೈನಲ್ ಮುಟ್ಟಿತಲ್ಲ, ಆಗ. ಜರ್ಮನಿ ವಿರುದ್ಧ ತಂಡ ಸೋತರೂ ಬೆಂಗಳೂರಿನ ಅರ್ಚನಾ ಕಾಮತ್ ತಮ್ಮ ಪಂದ್ಯ ಗೆದ್ದರು. ಆ ವಾರ ಕ್ಲಬ್‌ಹೌಸಿನ ಟೇಬಲ್ ಮುಂದೆ ಕ್ಯೂ ಇತ್ತು. ಎರಡನೇ ವಾರಕ್ಕೆ ಕ್ಯೂ ಕರಗಿತು. ಮೂರನೇ ವಾರಕ್ಕೆ ಉಳಿದವರು ರಾಯರು, ನಾನು, ನಾಲ್ಕೈದು ಹುಡುಗರು.

ಆ ಹುಡುಗರ ಕೈಯಲ್ಲಿ ನೋಡಿಯೇ ನಾನು ಕಾರ್ಬನ್ ಬ್ಲೇಡು ಕೊಂಡದ್ದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬ್ಲೇಡ್ ಅಂದರೆ ರಬ್ಬರ್ ಅಂಟಿಸುವ ಮೊದಲಿನ ಬರೀ ಹಲಗೆ, ಹಿಡಿಯ ಸಮೇತ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅದರ ದಪ್ಪದಲ್ಲಿ ಕನಿಷ್ಠ 85 ಶೇಕಡಾ ನೈಸರ್ಗಿಕ ಮರವೇ ಇರಬೇಕು. ಮಧ್ಯೆ ಅಂಟಿನ ಪದರದಲ್ಲಿ ಕಾರ್ಬನ್, ಗ್ಲಾಸ್ ಫೈಬರ್ ಥರದ ನಾರು ಸೇರಿಸಬಹುದು. ಆದರೆ ಅಂಥ ಒಂದು ಪದರ 0.35 ಮಿಲಿಮೀಟರ್ ಮೀರುವ ಹಾಗಿಲ್ಲ. ಒಂದು ದಪ್ಪ ಕಾಗದದಷ್ಟು. ಅಷ್ಟು ತೆಳ್ಳನೆಯ ಪದರ ಏನು ಮಾಡೀತು ಅಂದುಕೊಂಡಿದ್ದೆ. ಬಹಳ ಮಾಡುತ್ತದೆ. ಹಲಗೆ ಬಿಗಿಯಾಗುತ್ತದೆ, ಬಾಗುವುದಿಲ್ಲ. ಚೆಂಡು ನಡುವಿಗೆ ಬೀಳದೆ ಅಂಚಿನ ಕಡೆ ಬಿದ್ದರೂ ಹೆಚ್ಚು ಕಡಿಮೆ ಅದೇ ವೇಗದಲ್ಲಿ ಚಿಮ್ಮುತ್ತದೆ. ದಿನಕ್ಕೆ ಮೂರು ಗಂಟೆ ಅಭ್ಯಾಸ ಮಾಡುವವರಿಗೆ ಇದು ವರ. ಅವರ ಹೊಡೆತ ಮೊದಲೇ ಸರಿಯಾಗಿರುತ್ತದೆ, ಬ್ಲೇಡು ಅದಕ್ಕೆ ವೇಗ ಸೇರಿಸುತ್ತದೆ ಅಷ್ಟೇ. ನನ್ನಂಥವರಿಗೆ ಏನಾಗುತ್ತದೆ ಅಂದರೆ, ತಪ್ಪಿಗೂ ವೇಗ ಸೇರುತ್ತದೆ.

ಸುಮ್ನೆ ತಡೆಯಲು ಬ್ಯಾಟು ಅಡ್ಡ ಹಿಡಿದರೆ ಚೆಂಡು ಟೇಬಲ್ ದಾಟಿ ಜಿಮ್ಮಿನ ಗಾಜಿಗೆ ಹೋಗಿ ಬಡಿಯುತ್ತಿತ್ತು. ನೆಟ್ ಹತ್ತಿರ ಮೆಲ್ಲಗೆ ಪುಶ್ ಮಾಡಿದರೆ ಮೇಲೆದ್ದು ರಾಯರ ಎದುರು ತಟ್ಟೆಯಲ್ಲಿಟ್ಟ ಲಾಡಿನ ಹಾಗೆ ಕೂರುತ್ತಿತ್ತು. ಹತ್ತರಲ್ಲಿ ಎರಡು ಹೊಡೆತ ಮಾತ್ರ ಮಿಂಚಿನ ಹಾಗೆ ಹೋಗುತ್ತಿದ್ದವು. ಆ ಎರಡೇ ನನ್ನನ್ನು ನಾಲ್ಕು ತಿಂಗಳು ಮರುಳು ಮಾಡಿದ್ದು. ಉಳಿದ ಎಂಟು ಹೊರಗೆ ಹೋದದ್ದು ಮಣಿಕಟ್ಟಿನ ತಪ್ಪಿಗೋ, ಕಾಲು ಇಟ್ಟ ಜಾಗದ ತಪ್ಪಿಗೋ, ಬ್ಯಾಟು ತೆರೆದ ಕೋನಕ್ಕೋ? ತಿಳಿಯುತ್ತಲೇ ಇರಲಿಲ್ಲ. ಎಲ್ಲ ತಪ್ಪೂ ಒಂದೇ ಥರ ಹೊರಗೆ ಹೋಗುತ್ತಿದ್ದವು.

ಒಂದು ದಿನ ರಾಯರು ಎರಡೂ ಬ್ಯಾಟುಗಳನ್ನು ಕೈಯಲ್ಲಿ ಹಿಡಿದು, ರಬ್ಬರ್ ಇಲ್ಲದ ಕಡೆ, ಹಿಡಿಯ ಬುಡದ ಹತ್ತಿರ, ಬೆರಳ ಗಂಟಿನಿಂದ ತಟ್ಟಿದರು. ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ತಟ್ಟಿ ನೋಡುತ್ತೀವಲ್ಲ, ಹಾಗೆ. ನನ್ನದು ಟಿಕ್ ಅಂತು. ಅವರದ್ದು ಟೊಕ್ ಅಂತು. "ಕೇಳಿಸ್ತಾ?" ಅಂದರು. ಕೇಳಿಸಿತು, ಆದರೆ ಅದರಿಂದ ಏನು ಅಂತ ತಿಳಿಯಲಿಲ್ಲ. ಆಮೇಲೆ ಓದಿ ತಿಳಿದದ್ದು ಇಷ್ಟು: ಬಿಗಿ ಹಲಗೆ ವೇಗವಾಗಿ ಕಂಪಿಸುತ್ತದೆ, ಅದಕ್ಕೆ ಸ್ವರ ಮೇಲು. ಬಾಗುವ ಹಲಗೆಯ ಸ್ವರ ಕೆಳಗೆ. ಈಗ ಕೆಲವರು ಫೋನಿನ ಆಪ್‌ನಲ್ಲಿ ಈ ಸ್ವರ ಅಳೆದು ಬ್ಲೇಡು ಆರಿಸುತ್ತಾರೆ. ರಾಯರಿಗೆ ಆಪ್ ಬೇಕಿಲ್ಲ.

ಚೆಂಡು ಬ್ಯಾಟಿಗೆ ತಗುಲಿಕೊಂಡಿರುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು. ಅಂದರೆ ಕೈಗೆ ಸುದ್ದಿ ಮುಟ್ಟುವ ಹೊತ್ತಿಗೆ ಚೆಂಡು ಹೊರಟೇ ಹೋಗಿರುತ್ತದೆ. ಆಟಗಾರರು "ಫೀಲ್, ಫೀಲ್" ಅಂತಾರಲ್ಲ, ಅದು ಆಗಿಹೋದದ್ದರ ವರದಿ. ಮೆತ್ತನೆಯ ಮರ ಆ ವರದಿಯನ್ನು ಬಿಡಿಸಿ ಬರೆಯುತ್ತದೆ: ಚೆಂಡು ಸ್ವಲ್ಪ ಕೆಳಗೆ ಬಿತ್ತು, ನೀನು ತಡ ಮಾಡಿದೆ, ಉಜ್ಜುವ ಬದಲು ಗುದ್ದಿದೆ. ನನ್ನ ಕಾರ್ಬನ್ ಬ್ಲೇಡು ಎಲ್ಲದಕ್ಕೂ ಒಂದೇ ಸಾಲು ಬರೆಯುತ್ತಿತ್ತು.

ಸದ್ದಿನ ಮಾತು ಬಂದಾಗ ರಾಯರು 1952ರ ಕಥೆ ತೆಗೆಯುತ್ತಾರೆ. ಆ ವರ್ಷ ವಿಶ್ವ ಚಾಂಪಿಯನ್‌ಶಿಪ್ ಬಾಂಬೆಯಲ್ಲಿ ನಡೆಯಿತು. ಆಗ ಎಲ್ಲರದ್ದೂ ಗಟ್ಟಿ ಬ್ಯಾಟು: ಮರದ ಮೇಲೆ ತೆಳ್ಳನೆಯ ಗುಳ್ಳೆ ರಬ್ಬರ್, ಒಳಗೆ ಸ್ಪಾಂಜ್ ಇಲ್ಲ. ಹೊಡೆದರೆ ಟೊಕ್ ಟೊಕ್ ಸದ್ದು. ಎದುರಾಳಿ ಎಷ್ಟು ಜೋರಾಗಿ ಹೊಡೆದ ಎಂಬುದನ್ನು ಕಣ್ಣಿನಷ್ಟೇ ಕಿವಿಯಿಂದಲೂ ಅಳೆಯುತ್ತಿದ್ದರು. ಅಲ್ಲಿಗೆ ಜಪಾನಿನಿಂದ ಹಿರೋಜಿ ಸಾಟೊ ಎಂಬಾತ ದಪ್ಪ ಸ್ಪಾಂಜ್ ಅಂಟಿಸಿದ ಬ್ಯಾಟು ಹಿಡಿದು ಬಂದ. ಸದ್ದೇ ಇಲ್ಲ. ದೊಡ್ಡ ದೊಡ್ಡ ಆಟಗಾರರು ತಬ್ಬಿಬ್ಬಾದರು. ಸಾಟೊ ಚಾಂಪಿಯನ್ ಆದ. ಜಗಳವಾಗಿ, ಚರ್ಚೆಯಾಗಿ, ಕೊನೆಗೆ 1959ರಲ್ಲಿ ರಬ್ಬರು, ಸ್ಪಾಂಜಿನ ದಪ್ಪಕ್ಕೆ ಮಿತಿ ಬಂತು. ಇವತ್ತಿಗೂ ಸ್ಪಾಂಜ್, ಅಂಟು ಎಲ್ಲ ಸೇರಿ ಒಂದು ಬದಿಗೆ 4 ಮಿಲಿಮೀಟರ್ ಮೀರುವಂತಿಲ್ಲ. ಟಿಟಿ ಬ್ಯಾಟಿನ ಇತಿಹಾಸ ತಿರುಗಿದ್ದು ನಮ್ಮ ದೇಶದ ಒಂದು ಟೇಬಲ್ ಮೇಲೆ, ಅಲ್ವಾ? ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇರಲಿ. ಬ್ಲೇಡು ಬದಲಿಸುವುದು ಅಂತ ತೀರ್ಮಾನಿಸಿದೆ. ಮನೆಯಲ್ಲಿ ಕೊಟ್ಟ ಬಜೆಟ್ 4,000 ರೂಪಾಯಿ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಆದರೆ ಹಳೇ ಬ್ಯಾಟಿನ ನಿಜವಾದ ರೇಟು ಹೊರಬೀಳುವ ಅಪಾಯವಿತ್ತು.

ಹುಡುಕಲು ಹೊರಟರೆ ಮೊದಲು ಎದುರಾಗುವುದು ಅಕ್ಷರಗಳು. ಡಿಫೆನ್ಸ್ ಅಂದರೆ ನಿಧಾನದ್ದು, ಆಲ್‌ರೌಂಡ್ ಅಂದರೆ ನಡುವಿನದ್ದು, ಆಫೆನ್ಸ್ ಅಂದರೆ ವೇಗದ್ದು. ಅದರಲ್ಲಿ ಮತ್ತೆ ಪ್ಲಸ್ಸು, ಮೈನಸ್ಸು. ಜೊತೆಗೆ ವೇಗಕ್ಕೆ ಇಷ್ಟು, ಕಂಟ್ರೋಲಿಗೆ ಇಷ್ಟು ಅಂತ ಅಂಕಿಗಳು. ಎರಡು ರಾತ್ರಿ ಕೂತು ಈ ಅಂಕಿಗಳನ್ನೆಲ್ಲ ಎಕ್ಸೆಲ್ಲಿನಲ್ಲಿ ಹಾಕಿದೆ. ಅದು ಶುದ್ಧ ದಂಡ. ಪ್ರತಿ ಕಂಪನಿಯೂ ತನ್ನದೇ ಅಳತೆಗೋಲು ಇಟ್ಟುಕೊಂಡಿದೆ. ಒಬ್ಬರ 80ನ್ನು ಇನ್ನೊಬ್ಬರ 80ಕ್ಕೆ ಹೋಲಿಸುವುದು, ನಮ್ಮ ಸೇರನ್ನು ಪಕ್ಕದ ಊರಿನ ಪಾವಿನಲ್ಲಿ ಅಳೆದ ಹಾಗೆ. ಒಂದೇ ಕಂಪನಿಯ ಎರಡು ಬ್ಲೇಡುಗಳ ನಡುವೆ ಯಾವುದು ನಿಧಾನ ಎಂದು ತಿಳಿಯಲು ಮಾತ್ರ ಅವು ಉಪಯೋಗ.

ಅಂಕಿ ಬಿಟ್ಟು ಮರ ನೋಡಿದರೆ ವಿಷಯ ಸರಳವಾಗುತ್ತದೆ. ಹಳೇ ಕಾಲದ ಆಲ್‌ರೌಂಡ್ ಬ್ಲೇಡು ಅಂದರೆ ಐದು ಪದರದ ಮರ. ಒಟ್ಟು ದಪ್ಪ ಐದೂವರೆಯಿಂದ ಆರು ಮಿಲಿಮೀಟರ್. ನಡುವಿನ ಪದರವೇ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ. ಅದು ಸಾಮಾನ್ಯವಾಗಿ ಅಯೂಸ್ ಎಂಬ ಆಫ್ರಿಕಾದ ಹಗುರ ಮರ. ಅದರ ಎರಡೂ ಪಕ್ಕಕ್ಕೆ ತೆಳ್ಳನೆಯ ಪದರ, ಎಳೆ ಅಡ್ಡವಾಗಿ ಇರುವಂತೆ. ಮೇಲೆ ಕಾಣುವ ಪದರ ಬಹಳ ಸಲ ಲಿಂಬಾ, ಅದೂ ಆಫ್ರಿಕಾದ್ದೇ. ಲಿಂಬಾ ಮೆತ್ತಗೆ. ಅದರ ಬದಲು ಕೋಟೊ ಎಂಬ ಗಟ್ಟಿ ಮರ ಹಾಕಿದರೆ ಚೆಂಡು ಬೇಗ ಬಿಟ್ಟುಕೊಡುತ್ತದೆ. ಐದರ ಜಾಗದಲ್ಲಿ ಏಳು ಪದರ ಮಾಡಿದರೆ ಹಲಗೆ ಬಿಗಿಯಾಗುತ್ತದೆ, ಸಾಮಾನ್ಯವಾಗಿ ತೂಕವೂ ಏರುತ್ತದೆ. ಇಷ್ಟು ಗೊತ್ತಾದರೆ ಬ್ಲೇಡಿನ ಪೆಟ್ಟಿಗೆಯ ಮೇಲಿನ ಸಾಹಿತ್ಯ ಓದಬೇಕಿಲ್ಲ.

ನಮ್ಮ ಮನೆಗೆ ವಾರ್ಡ್‌ರೋಬ್ ಮಾಡಿದ ಆಚಾರಿಗೆ ನಾನು ಆಮೇಲೆ ತಂದ ಬ್ಲೇಡು ತೋರಿಸಿದೆ. ಉಗುರಿನಿಂದ ಅಂಚು ಒತ್ತಿ ನೋಡಿದರು. "ಸಾರ್, ಮಧ್ಯದ್ದು ಪ್ಯಾಕಿಂಗ್ ಬಾಕ್ಸ್ ಮರದ ಥರ ಇದೆ. ಇದಕ್ಕೆ ಮೂರೂವರೆ ಸಾವಿರಾನಾ?" ಅಂದರು. ಅಯೂಸ್ ಮರವನ್ನು ಯುರೋಪಿನಲ್ಲಿ ಸೌನಾ ಕೋಣೆಯ ಬೆಂಚಿಗೂ ಬಳಸುತ್ತಾರೆ, ಅಷ್ಟು ಶಾಖದಲ್ಲೂ ಕೂತರೆ ಸುಡುವುದಿಲ್ಲ ಎಂದು. ಹೇಳಿದೆ. ಅವರಿಗೆ ಅದರಿಂದ ಏನೂ ಸಮಾಧಾನವಾದಂತೆ ಕಾಣಲಿಲ್ಲ.

ಹೆಸರುಗಳಿಗೆ ಬರೋಣ. ಈ ಬಜೆಟ್ಟಿನಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಹೆಸರು ಸ್ಟಿಗಾ ಆಲ್‌ರೌಂಡ್ ಕ್ಲಾಸಿಕ್, ಸ್ವೀಡನ್ನಿನದ್ದು. ಯಸಾಕಾ ಜಪಾನಿನ ಕಂಪನಿಯಾದರೂ ಅದರ ಸ್ವೀಡನ್ ಕ್ಲಾಸಿಕ್, ಸ್ವೀಡನ್ ಎಕ್ಸ್‌ಟ್ರಾ ಬ್ಲೇಡುಗಳು ಹೆಸರೇ ಹೇಳುವಂತೆ ಸ್ವೀಡನ್ನಿನಲ್ಲಿ ತಯಾರಾದವು. ಜರ್ಮನಿಯ ಡೋನಿಕ್ ಕಂಪನಿಯ ಆಪೆಲ್‌ಗ್ರೆನ್ ಆಲ್‌ಪ್ಲೇ ಇನ್ನೊಂದು. ಮಿಕಾಯೆಲ್ ಆಪೆಲ್‌ಗ್ರೆನ್ ಕೂಡ ಸ್ವೀಡನ್ನಿನವರೇ. 1989ರಲ್ಲಿ ಡಾರ್ಟ್‌ಮಂಡಿನ ವಿಶ್ವ ಚಾಂಪಿಯನ್‌ಶಿಪ್ ಫೈನಲಿನಲ್ಲಿ ಚೀನಾವನ್ನು 5-0ರಿಂದ ಮಣಿಸಿದ ಸ್ವೀಡನ್ ತಂಡದಲ್ಲಿ ವಾಲ್ಡ್‌ನರ್, ಪರ್ಸನ್ ಜೊತೆ ಆಡಿದವರು. ಆಟಗಾರ ಆಟ ಬಿಟ್ಟು ಎಷ್ಟೋ ವರ್ಷವಾಗಿದೆ, ಬ್ಲೇಡು ಮಾತ್ರ ಇನ್ನೂ ಅಂಗಡಿಯಲ್ಲಿದೆ. ಇನ್ನೂ ಕಡಿಮೆ ದುಡ್ಡಿಗೆ ಚೀನಾದ ಯಿನ್‌ಹೆ, 729 ಎಂಬ ಕಂಪನಿಗಳವು ಸಿಗುತ್ತವೆ. ಅವು ಕೆಟ್ಟವೇನಲ್ಲ. ನಾನು ಒಂದನ್ನು ಹಿಡಿದು ನೋಡಿದೆ, ಆದರೆ ಹಿಡಿ ನನ್ನ ಅಂಗೈಗೆ ಸಣ್ಣದಾಯಿತು.

ಹಿಡಿಯ ಬಗ್ಗೆ ಯಾರೂ ಸಾಕಷ್ಟು ಹೇಳುವುದಿಲ್ಲ. ಬುಡದಲ್ಲಿ ಅಗಲವಾಗುವುದು ಫ್ಲೇರ್ಡ್, ಮೇಲಿಂದ ಕೆಳಗೆ ಒಂದೇ ಅಳತೆಯದ್ದು ಸ್ಟ್ರೇಟ್. ಬೆವರುವ ಕೈಗೆ ಫ್ಲೇರ್ಡ್ ಜಾರುವುದಿಲ್ಲ. ಫೋರ್‌ಹ್ಯಾಂಡಿನಿಂದ ಬ್ಯಾಕ್‌ಹ್ಯಾಂಡಿಗೆ ಹಿಡಿತವನ್ನು ಚೂರು ಚೂರೇ ತಿರುಗಿಸುವವರಿಗೆ ಸ್ಟ್ರೇಟ್ ಅನುಕೂಲ. ಇದನ್ನು ಫೋಟೋ ನೋಡಿ ಆರಿಸಲು ಆಗುವುದಿಲ್ಲ. ಚಪ್ಪಲಿ ಹಾಕಿ ನೋಡದೆ ಕೊಳ್ಳುತ್ತೀವಾ?

ಅದಕ್ಕೇ ಆನ್‌ಲೈನ್ ಬಿಟ್ಟು ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಒಂದೇ ಮಾಡೆಲ್ಲಿನ ಮೂರು ಬ್ಲೇಡು ತೆಗೆದು ಕೌಂಟರ್ ಮೇಲಿನ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟ. 81. 85. 93. ಅದೇ ಹೆಸರು, ಅದೇ ಪೆಟ್ಟಿಗೆ, ಅದೇ ಬೆಲೆ, 12 ಗ್ರಾಂ ವ್ಯತ್ಯಾಸ! ಮರ ಅಲ್ವಾ, ಒಂದು ತುಂಡು ಇದ್ದ ಹಾಗೆ ಇನ್ನೊಂದು ಇರುವುದಿಲ್ಲ. "12 ಗ್ರಾಂ ಏನು ಮಹಾ?" ಅಂದೆ. ಅವನು ಜಾಣ. ಮಾತಾಡದೆ 93ರದ್ದನ್ನು ನನ್ನ ಕೈಗೆ ಕೊಟ್ಟು, ರಬ್ಬರ್ ಇರುವ ಭಾರಕ್ಕೆ ಎರಡು ಹಳೇ ರಬ್ಬರ್ ಹಾಳೆ ಅದಕ್ಕೆ ಒತ್ತಿ ಹಿಡಿದು, ಐವತ್ತು ಸಲ ಗಾಳಿಯಲ್ಲಿ ಬೀಸಿ ಅಂದ. ಮೂವತ್ತಕ್ಕೇ ಮುಂಗೈ ಹೇಳಿತು. ಕತ್ತರಿಸಿ ಅಂಟಿಸಿದ ರಬ್ಬರ್ ಒಂದೊಂದು ಸುಮಾರು 40ರಿಂದ 50 ಗ್ರಾಂ ಬರುತ್ತದೆ. ಎರಡು ಬದಿಗೆ 90 ಅಂತ ಇಟ್ಟುಕೊಂಡರೂ ಮುಗಿದ ಬ್ಯಾಟು 175ರ ಒಳಗೆ ಇದ್ದರೆ ನನ್ನ ವಯಸ್ಸಿನ ಭುಜಕ್ಕೆ ಸಾಕು. 85ರದ್ದನ್ನು ತೆಗೆದುಕೊಂಡೆ. ಸ್ಟಿಗಾ ಆಲ್‌ರೌಂಡ್ ಕ್ಲಾಸಿಕ್, ಫ್ಲೇರ್ಡ್ ಹಿಡಿ. ಯಸಾಕಾ ಇದ್ದಿದ್ದರೆ ಅದನ್ನೇ ಕೊಳ್ಳುತ್ತಿದ್ದೆನೋ ಏನೋ. ಈ ಮಟ್ಟದಲ್ಲಿ ಮಾಡೆಲ್‌ಗಿಂತ ತೂಕ, ಹಿಡಿ ಮುಖ್ಯ ಅಂತ ನನ್ನ ಅಭಿಪ್ರಾಯ.

ನಿಜವಾದ ಖರ್ಚು ಬ್ಲೇಡಿನದ್ದಲ್ಲ, ರಬ್ಬರಿನದ್ದು. ಚೆನ್ನಾಗಿ ನೋಡಿಕೊಂಡರೆ ಬ್ಲೇಡು ಹತ್ತಾರು ವರ್ಷ ಬಾಳುತ್ತದೆ, ರಾಯರದ್ದೇ ಸಾಕ್ಷಿ. ರಬ್ಬರ್ ಮಾತ್ರ ವಾರಕ್ಕೆ ನಾಲ್ಕು ದಿನ ಆಡಿದರೆ ತಿಂಗಳುಗಳಲ್ಲೇ ಹಿಡಿತ ಕಳೆದುಕೊಂಡು ನುಣ್ಣಗಾಗುತ್ತದೆ. ಹಾಗಾಗಿ ಅಗ್ಗದ ಬ್ಲೇಡು ಕೊಂಡು ದುಬಾರಿ ರಬ್ಬರಿನ ಚಟ ಹತ್ತಿಸಿಕೊಂಡರೆ ಉಳಿತಾಯವೆಲ್ಲ ಗೋವಿಂದ. ನಾನು ಯಸಾಕಾ ಮಾರ್ಕ್ ವಿ ಹಾಕಿದೆ. 1969ರಿಂದ ಮಾರಾಟವಾಗುತ್ತಿರುವ ರಬ್ಬರು, ಬ್ಲೇಡಿನ ಓರಗೆಯದ್ದೇ. ಎರಡೂ ಬದಿಗೆ 1.8 ಮಿಲಿಮೀಟರ್ ಸ್ಪಾಂಜ್. ಹುಡುಗರು 2.1 ಹಾಕುತ್ತಾರೆ. ಹಾಕಲಿ.

ಅಂಟಿಸುವುದನ್ನು ಮನೆಯಲ್ಲೇ ಮಾಡಿದೆ. ಹಿಂದೆ ಕೆಟ್ಟ ವಾಸನೆಯ ಸ್ಪೀಡ್ ಗ್ಲೂ ಬಳಸುತ್ತಿದ್ದರು. 2008ರಲ್ಲಿ ಅದಕ್ಕೆ ನಿಷೇಧ ಬಿತ್ತು. ಈಗಿನದ್ದು ನೀರಿನ ಅಂಟು, ಹಾಲಿನ ಬಣ್ಣ. ಸ್ಪಾಂಜಿಗೂ ಮರಕ್ಕೂ ತೆಳ್ಳಗೆ ಸವರಿ ಬಿಟ್ಟರೆ ಅರ್ಧ ಗಂಟೆಯಲ್ಲಿ ಬಿಳಿ ಹೋಗಿ ಗಾಜಿನಂತಾಗುತ್ತದೆ. ಒಂದು ಬಿಳಿ ಚುಕ್ಕೆಯೂ ಉಳಿಯಬಾರದು. ಆಮೇಲೆ ಹಿಡಿಯ ಬುಡದಿಂದ ಶುರು ಮಾಡಿ, ಗಾಳಿ ಸೇರದಂತೆ, ಎಳೆಯದೆ, ಮಲಗಿಸುತ್ತಾ ಹೋಗಬೇಕು. ಮೇಲಿನಿಂದ ಉರುಳಿಸಲು ಲಟ್ಟಣಿಗೆ. ಚಪಾತಿ ಲಟ್ಟಣಿಗೆ ಕಾಣದೆ ಹುಡುಕಾಡಿದ ಮಗಳು ನನ್ನ ಕೈಯಲ್ಲಿ ನೋಡಿ ಅಮ್ಮನನ್ನು ಕರೆದಳು. ಅದರ ಮುಂದಿನದ್ದು ಇಲ್ಲಿ ಬೇಡ.

ಮೊದಲ ಸಲ ಒಂದು ಬದಿ ಸೊಟ್ಟ ಬಂತು. ಸರಿ ಮಾಡೋಣ ಅಂತ ಮೂಲೆ ಹಿಡಿದು ಎಳೆದೆ. ಚರ್ ಅಂತು. ಬೆನ್ನಿಗೆ ಚಳಿ ಬಂದ ಹಾಗಾಯಿತು. ಸ್ಪಾಂಜಿನ ಜೊತೆ ಲಿಂಬಾದ ಒಂದು ಎಳೆ ಎದ್ದು ಬಂದಿತ್ತು, ಸೂಜಿಯಷ್ಟು ಸಪೂರ, ಬೆರಳಿನ ಎರಡು ಗೆಣ್ಣಿನಷ್ಟು ಉದ್ದ. ರಬ್ಬರನ್ನು ನಿಧಾನಕ್ಕೆ, ಎಳೆಯ ದಿಕ್ಕು ನೋಡಿಕೊಂಡು ಬಿಡಿಸಬೇಕಿತ್ತು. ನಾನು ಬ್ಯಾಂಡೇಜ್ ಕೀಳುವ ಹಾಗೆ ಕಿತ್ತಿದ್ದೆ. ಅಂಟಿಸುವ ಮೊದಲು ಮರಕ್ಕೆ ತೆಳ್ಳಗೆ ಒಂದು ಕೈ ವಾರ್ನಿಷ್ ಹೊಡೆದಿದ್ದರೆ ಹೀಗಾಗುತ್ತಿರಲಿಲ್ಲ, ಮಳೆಗಾಲದ ತೇವವೂ ತಡೆಯುತ್ತಿತ್ತು. ಆಚಾರಿಗೆ ಫೋನ್ ಮಾಡಿದೆ. ಟೂತ್‌ಪಿಕ್ ತುದಿಯಲ್ಲಿ ಮರದ ಗೋಂದು ಹಚ್ಚಿ, ಎಳೆಯನ್ನು ಇದ್ದ ಜಾಗಕ್ಕೇ ಕೂರಿಸಿ, ರಾತ್ರಿಯಿಡೀ ಭಾರ ಇಡಿ ಅಂದರು. ನಿಘಂಟು ಇಟ್ಟೆ. ಬೆಳಗ್ಗೆ ಮುಟ್ಟಿ ನೋಡಿದರೂ ಗಾಯ ಗೊತ್ತಾಗಲಿಲ್ಲ. ಮರಳು ಕಾಗದದಿಂದ ಹಿಡಿಯ ಮೇಲಿನ ಭುಜ, ಹೆಬ್ಬೆರಳು ತೋರುಬೆರಳ ಸಂದಿಗೆ ಒತ್ತುವ ಕಡೆ, ಸ್ವಲ್ಪ ಉಜ್ಜಿ ದುಂಡಗೆ ಮಾಡಿದೆ. ಅಡುಗೆ ತಕ್ಕಡಿಯಲ್ಲಿ 173 ಗ್ರಾಂ.

ಮೊದಲ ವಾರ ಬೇಜಾರಾಯಿತು. ಚೆಂಡು ಹೋಗುತ್ತಲೇ ಇಲ್ಲ ಅನ್ನಿಸಿತು. ಕಾರಿನಿಂದ ಇಳಿದು ಸೈಕಲ್ ಹತ್ತಿದ ಹಾಗೆ. ಎರಡನೇ ವಾರ ಒಂದು ವಿಚಿತ್ರ ಗಮನಕ್ಕೆ ಬಂತು: ರ‍್ಯಾಲಿಗಳು ಉದ್ದವಾಗಿದ್ದವು. ನಾಲ್ಕು, ಐದು, ಒಮ್ಮೆ ಹನ್ನೊಂದು. ಅಷ್ಟು ಹೊತ್ತು ಚೆಂಡು ಟೇಬಲ್ ಮೇಲೆ ಇದ್ದಾಗ ನನ್ನ ಆಟ ನನಗೇ ಕಾಣತೊಡಗಿತು. ಬ್ಯಾಕ್‌ಹ್ಯಾಂಡಿನಲ್ಲಿ ನಾನು ಮೊಣಕೈ ಪಕ್ಕೆಗೆ ಅಂಟಿಸಿಕೊಂಡು ನಿಲ್ಲುತ್ತೇನೆ. ಕೆಳಸುತ್ತಿನ (ಬ್ಯಾಕ್‌ಸ್ಪಿನ್) ಚೆಂಡು ಬಂದರೆ ಮಂಡಿ ಬಗ್ಗಿಸುವ ಬದಲು ಮಣಿಕಟ್ಟು ಬಗ್ಗಿಸುತ್ತೇನೆ. ಇಪ್ಪತ್ತೈದು ವರ್ಷದ ಹಿಂದೆ ಹಾಸ್ಟೆಲಿನಲ್ಲಿ ಕಲಿತ ಕೆಟ್ಟ ಚಾಳಿ, ಹಾಗೇ ಇದೆ.

ಇದಕ್ಕೆ ಕೊರತೆ ಇಲ್ಲ ಅಂತಲ್ಲ. ಟೇಬಲಿನಿಂದ ಎರಡು ಮೀಟರ್ ಹಿಂದೆ ಸರಿದರೆ ಈ ಬ್ಲೇಡು ಕೈ ಕೊಡುತ್ತದೆ. ಅಷ್ಟು ದೂರದಿಂದ ಚೆಂಡು ತಳ್ಳಲು ಇದರಲ್ಲಿ ಕಸುವಿಲ್ಲ, ಎಲ್ಲ ನಿಮ್ಮ ಸೊಂಟದಿಂದಲೇ ಬರಬೇಕು. ಜೋರಾಗಿ ಹೊಡೆಯುವ ಹುಡುಗರ ಎದುರು ಒಂದೇ ಏಟಿಗೆ ಪಾಯಿಂಟ್ ಮುಗಿಸಲು ಆಗುವುದಿಲ್ಲ. ಕೋಚಿಂಗಿಗೆ ಹೋಗಿ ವರ್ಷಗಳಾದ, ದಿನಾ ಆಡುವ ಮಕ್ಕಳಿಗೆ ಇದನ್ನು ಕೊಡಿಸಿ ಅಂತ ನಾನು ಹೇಳಲಾರೆ. ಆದರೆ ಹೊಸದಾಗಿ ಸೇರಿದ ಮಗುವಿಗೆ ಮೊದಲ ತಿಂಗಳೇ ಕಾರ್ಬನ್ ಕೊಡಿಸುವ ಅಪ್ಪ ಅಮ್ಮಂದಿರನ್ನು ಕಂಡರೆ ಈಗ ತಡೆದು ಮಾತಾಡಿಸುತ್ತೇನೆ. ಅಂಗಡಿಯ ರೆಡಿಮೇಡ್ ಬ್ಯಾಟು ಕೊಡಿಸುವವರನ್ನೂ ಅಷ್ಟೇ. ಅದರ ರಬ್ಬರ್ ಬಹಳ ಸಲ ಜಾರುತ್ತದೆ, ಸ್ಪಿನ್ ಅಂದರೆ ಏನು ಅಂತಲೇ ಮಗುವಿಗೆ ಗೊತ್ತಾಗುವುದಿಲ್ಲ.

ಕಾರ್ಬನ್ ಬ್ಯಾಟನ್ನು ಮೂರನೇ ಮಹಡಿಯ ಹುಡುಗನಿಗೆ ಕೊಟ್ಟುಬಿಟ್ಟೆ. ಅರ್ಧ ಬೆಲೆಗೆ. ಅವನು ಅದರಲ್ಲಿ ಚೆನ್ನಾಗಿ ಆಡುತ್ತಾನೆ, ಅದು ಸ್ವಲ್ಪ ಹೊಟ್ಟೆ ಉರಿಸುತ್ತದೆ.

ಕಳೆದ ತಿಂಗಳು ರಾಯರ ಜೊತೆ ಬ್ಯಾಟು ಅದಲು ಬದಲು ಮಾಡಿಕೊಂಡು ಒಂದು ಗೇಮ್ ಆಡಿದೆವು. ನನ್ನದರಲ್ಲಿ ಆಡಿ ಅವರು ನನ್ನನ್ನು 11-8ರಲ್ಲಿ ಸೋಲಿಸಿದರು. ಅವರದ್ದು ನನ್ನ ಕೈಯಲ್ಲಿ ಸವೆದ ಸೌಟಿನ ಹಾಗೆ ಹಗುರವಾಗಿತ್ತು. ಆಟ ಮುಗಿದ ಮೇಲೆ ನನ್ನ ಬ್ಯಾಟಿನ ಬುಡ ತಟ್ಟಿ ಕಿವಿ ಹತ್ತಿರ ಹಿಡಿದರು.

"ಇದು ಇನ್ನೂ ಸಿಗತ್ತಾ?"

"ಸಿಗತ್ತೆ ಸಾರ್."

"ನನಗೂ ಒಂದು ತರಿಸಿ. ಹಿಡಿ ಸ್ಟ್ರೇಟ್ ಇರಲಿ. ತೂಕ ನೋಡಿ ತನ್ನಿ, ಭಾರ ಬೇಡ."

ಮುಂದಿನ ಭಾನುವಾರ 84 ಗ್ರಾಮಿನದ್ದೊಂದು ಹುಡುಕಿ ತಂದೆ. ಈ ಸಲ ಮೊದಲೇ ವಾರ್ನಿಷ್ ಹೊಡೆದು, ರಬ್ಬರ್ ಅಂಟಿಸಿ, ಅಂಚು ಕತ್ತರಿಸಿ ಕೊಟ್ಟೆ. ರಾಯರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಜೇಬಿನಿಂದ ಕಪ್ಪು ಟೇಪಿನ ಸುರುಳಿ ತೆಗೆದು, ಹಲ್ಲಿನಿಂದ ತುದಿ ಕಚ್ಚಿ ಬಿಡಿಸಿ, ಹೊಸ ಬ್ಯಾಟಿನ ಅಂಚಿಗೆ ಸುತ್ತತೊಡಗಿದರು.